ಮೇಳದ ಬೆಳಕು, ಛತ್ರದ ಬೆಳಕು

ಪುಸ್ತಕ ಬಂದರೆ ವಿಮರ್ಶೆ ಬರೆಯುತ್ತಾರೆ, ನಾಟಕ ನೋಡಿ ಬಂದು ಬರೆಯುತ್ತಾರೆ, ಸಂಗೀತ ಕಛೇರಿ ಮುಗಿದ ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲಾದರೂ ಬರುತ್ತದೆ. ಆದರೆ ವ್ಯಾಪಾರದ ಮೇಳವೊಂದಕ್ಕೆ ವಿಮರ್ಶೆ ಬರೆದವರನ್ನು ನಾನು ಕಂಡಿಲ್ಲ. ಅದಕ್ಕೂ ರಂಗಸಜ್ಜಿಕೆ ಇದೆ, ಬೆಳಕಿನ ವಿನ್ಯಾಸ ಇದೆ, ಪಾತ್ರಧಾರಿಗಳಿದ್ದಾರೆ, ಧ್ವನಿವರ್ಧಕವಂತೂ ಇದ್ದೇ ಇದೆ. ಅಲ್ಲಿ ಕಂಡದ್ದನ್ನು ನಂಬಿ ಜನ ಲಕ್ಷಗಟ್ಟಲೆ ಸಾಲ ಮಾಡಿ ಸಾಮಾನು ಕೊಳ್ಳುತ್ತಾರೆ. ನಾಟಕ ಕೆಟ್ಟದ್ದಾದರೆ ಹೋಗುವುದು ನೂರು ರೂಪಾಯಿ ಮತ್ತು ಒಂದು ಸಂಜೆ. ಮೇಳ ಸುಳ್ಳು ಹೇಳಿದರೆ ಐದು ವರ್ಷ ಕಂತು ಕಟ್ಟಬೇಕಾಗುತ್ತದೆ. ಆದ್ದರಿಂದ ಯಾರಾದರೂ ಬರೆಯಬೇಕಲ್ಲ ಎಂದುಕೊಂಡು ನಾನೇ ಬರೆಯುತ್ತಿದ್ದೇನೆ.

ನಾನು ನೋಡಿದ ಮೇಳ 2024ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದದ್ದು, ಛಾಯಾಗ್ರಾಹಕರಿಗೆಂದೇ ಏರ್ಪಾಡಾದದ್ದು. ನಮ್ಮಣ್ಣನ ಮಗ ನಮ್ಮೂರಿನಲ್ಲಿ ಸ್ಟುಡಿಯೋ ಇಟ್ಟಿದ್ದಾನೆ. ಅವನ ಹೆಂಡತಿ ಅದೇ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಆಲ್ಬಂ ಜೋಡಿಸುತ್ತಾಳೆ. ಹಳೆಯ ಕ್ಯಾಮೆರಾದ ಷಟರ್ ಕೈಕೊಡತೊಡಗಿತ್ತು. ಹೊಸದನ್ನು ಕೈಯಲ್ಲಿ ಹಿಡಿದು, ಲೆನ್ಸ್ ಹಾಕಿ ತೆಗೆದು ನೋಡಿಯೇ ಕೊಳ್ಳಬೇಕೆಂದು ಇಬ್ಬರೂ ಹೊರಟರು. "ನೀವೂ ಬನ್ನಿ ಅತ್ತೆ, ನಿಮಗೂ ಇದರ ಹುಚ್ಚಿದೆಯಲ್ಲ" ಎಂದು ಅವಳೇ ಕರೆದಳು. ಹುಚ್ಚು ಎಂಬುದು ದೊಡ್ಡ ಮಾತು. ಶಾಲೆಯಲ್ಲಿ ಪಾಠದ ಜೊತೆಗೆ ಯಾರಿಗೂ ಬೇಡವಾದ ಕೆಲಸಗಳು ಕೆಲವರ ಕೊರಳಿಗೆ ಬೀಳುತ್ತವೆ. ಪ್ರತಿಭಾ ಕಾರಂಜಿ, ಶಾರದಾ ಪೂಜೆ, ಪ್ರವಾಸ, ಹತ್ತನೇ ತರಗತಿಯ ಬೀಳ್ಕೊಡುಗೆ, ಎಲ್ಲದಕ್ಕೂ ಫೋಟೋ ತೆಗೆಯುವ ಕೆಲಸ ನನ್ನ ಕೊರಳಿಗೆ ಬಿದ್ದು ಇಪ್ಪತ್ತು ವರ್ಷದ ಮೇಲಾಯಿತು. ಕೊರಳಿಗೆ ಬಿದ್ದದ್ದು ನಿಧಾನವಾಗಿ ಕೈಗೂ ಹತ್ತಿತು, ಅಷ್ಟೆ.

ಇಂಥ ಮೇಳಗಳ ದೊಡ್ಡಮ್ಮ ಇದ್ದದ್ದು ಜರ್ಮನಿಯ ಕಲೋನ್ ನಗರದಲ್ಲಿ. ಫೋಟೋಕಿನಾ ಎಂದು ಹೆಸರು. 1950ರಲ್ಲಿ ಶುರುವಾಗಿ, ಮುಂದೆ ದಶಕಗಟ್ಟಲೆ ಎರಡು ವರ್ಷಕ್ಕೊಮ್ಮೆ ಜಗತ್ತಿನ ಕ್ಯಾಮೆರಾ ಕಂಪನಿಗಳೆಲ್ಲ ಹೊಸ ಸರಕನ್ನು ಅಲ್ಲಿ ತಂದಿಡುತ್ತಿದ್ದವು. 2018ರ ನಂತರ ಅದು ನಡೆಯಲಿಲ್ಲ. ಕಾರಣ ನಿಮ್ಮ ನನ್ನ ಕೈಯಲ್ಲೇ ಇದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಟವು. 2020ರಲ್ಲಿ ಆ ಸಂಖ್ಯೆ 90 ಲಕ್ಷವನ್ನೂ ಮುಟ್ಟಲಿಲ್ಲ. ಮೊಬೈಲು ಫೋನು ಉಳಿದದ್ದನ್ನೆಲ್ಲ ನುಂಗಿತು. ಆದರೂ ಅರಮನೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾಕೆಂದರೆ ನಮ್ಮಲ್ಲಿ ಮದುವೆಗಳಿವೆ. ಜಗತ್ತಿನ ಬೇರೆ ಕಡೆ ಕ್ಯಾಮೆರಾ ಉಳಿಯಿತೋ ಇಲ್ಲವೋ, ನಮ್ಮ ಛತ್ರಗಳಲ್ಲಿ ಮಾತ್ರ ಧಾರೆ ಎರೆಯುವ ಹೊತ್ತಿಗೆ ಮೂರು ಕ್ಯಾಮೆರಾ, ಒಂದು ಡ್ರೋನು, ವೇದಿಕೆಯ ಪಕ್ಕದಲ್ಲಿ ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ ಇದ್ದೇ ತೀರಬೇಕು.

ಹಾಗಾಗಿ ಅದು ಕ್ಯಾಮೆರಾ ಮೇಳ ಎನ್ನುವುದಕ್ಕಿಂತ ಮದುವೆಯ ಸರಕಿನ ಮೇಳ. ಅರ್ಧಕ್ಕಿಂತ ಹೆಚ್ಚು ಮಳಿಗೆಗಳು ಆಲ್ಬಮ್ಮಿನವು. ವೆಲ್ವೆಟ್ ರಟ್ಟು, ಗಾಜಿನ ರಟ್ಟು, ತೆರೆದರೆ ಬೆಳಕು ಹತ್ತುವ ರಟ್ಟು, ಪೆಟ್ಟಿಗೆಯೊಳಗೆ ಪೆಟ್ಟಿಗೆ. ಒಂದನ್ನು ಎತ್ತಿ ನೋಡಿದೆ, ನಮ್ಮ ಮನೆಯ ರುಬ್ಬುಗುಂಡಿನ ಭಾರ ಇತ್ತು. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಕ್ಯಾಮೆರಾ ಮತ್ತು ಲೆನ್ಸಿನ ಕಂಪನಿಗಳು ಸಭಾಂಗಣದ ಆ ತುದಿಯಲ್ಲಿದ್ದವು. ನಿಜವಾದ ನಾಟಕ ಅಲ್ಲೇ.

ಪ್ರತಿ ದೊಡ್ಡ ಮಳಿಗೆಯ ಮುಂದೂ ಒಂದು ಪುಟ್ಟ ವೇದಿಕೆ. ಅದರ ಮೇಲೆ ಮದುಮಗಳ ವೇಷದಲ್ಲಿ ಒಬ್ಬ ಹುಡುಗಿ. ಎರಡು ಕಡೆಯಿಂದ ಬಿಳಿ ಬಟ್ಟೆ ಹೊದಿಸಿದ ದೊಡ್ಡ ದೊಡ್ಡ ದೀಪಗಳು. ಕೆಳಗೆ ಮೂವತ್ತು ನಲವತ್ತು ಗಂಡಸರು, ಮಳಿಗೆಯವರು ಕೊಟ್ಟ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು "ಮೇಡಂ ಈ ಕಡೆ, ಮೇಡಂ ಸ್ವಲ್ಪ ನಗಿ" ಎಂದು ಕೂಗುತ್ತಾ ಪಟಪಟನೆ ಹೊಡೆಯುತ್ತಿದ್ದರು. ಇದಕ್ಕೆ ಹೊಸ ಕ್ಯಾಮೆರಾದ ಪ್ರಯೋಗ ಎಂದು ಹೆಸರು. ನಾನು ನಾಲ್ಕು ಮಳಿಗೆ ಸುತ್ತಿದೆ. ನಾಲ್ಕು ಕಡೆಯೂ ಹುಡುಗಿ ಗೋಧಿಬಣ್ಣಕ್ಕಿಂತಲೂ ಬೆಳ್ಳಗೆ, ಅದರ ಮೇಲೆ ದಪ್ಪನೆಯ ಮೇಕಪ್ಪು. ನಾಲ್ಕು ಕಡೆಯೂ ದೀಪ ಮುಖದ ಎದುರಿಗೆ, ಮೃದುವಾಗಿ, ಒಂದು ನೆರಳೂ ಬೀಳದ ಹಾಗೆ. ಹಿಂದೆ ಕಡುಬಣ್ಣದ ಪರದೆ. ಅಂಥ ಬೆಳಕಿನಲ್ಲಿ ಅಂಥ ಮುಖವನ್ನು ಹತ್ತು ವರ್ಷ ಹಳೆಯ ಫೋನಿನಲ್ಲಿ ತೆಗೆದರೂ ಚೆನ್ನಾಗಿಯೇ ಬರುತ್ತದೆ. ಎರಡೂವರೆ ಲಕ್ಷದ ಯಂತ್ರಕ್ಕೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಪರೀಕ್ಷೆಗೆ ಒಂದರ ಮಗ್ಗಿ ಕೇಳಿ ನೂರಕ್ಕೆ ನೂರು ಕೊಟ್ಟ ಹಾಗೆ.

ಆ ಹುಡುಗಿಯರ ಮೇಲೆ ನನಗೆ ಯಾವ ದೂರೂ ಇಲ್ಲ. ಒಬ್ಬಳು ವಿರಾಮದಲ್ಲಿ ಕೆಳಗಿಳಿದು ಕುರ್ಚಿಯಲ್ಲಿ ಕುಳಿತು, ಭಾರದ ಜಡೆಬಿಲ್ಲೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನೀರು ಕುಡಿಯುತ್ತಿದ್ದಳು. "ಎಷ್ಟು ಹೊತ್ತಮ್ಮಾ ಹೀಗೆ?" ಎಂದೆ. "ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಆಂಟಿ" ಎಂದಳು. "ತೆಗೆದದ್ದನ್ನು ಯಾರಾದರೂ ತೋರಿಸುತ್ತಾರಾ?" ಎಂದರೆ ನಕ್ಕುಬಿಟ್ಟಳು. ಅಷ್ಟು ಜನ ಅಷ್ಟು ಸಾವಿರ ಚಿತ್ರ ತೆಗೆದಿದ್ದರು. ಒಂದನ್ನೂ ಅವಳು ನೋಡಿರಲಿಲ್ಲ.

ಲೆನ್ಸುಗಳಲ್ಲಿ ಆ ಮೇಳದ ನಾಯಕ 85 ಮಿಲಿಮೀಟರಿನ ಎಫ್ 1.2. ಗೊತ್ತಿಲ್ಲದವರಿಗೆ ಒಂದು ಮಾತು: ಲೆನ್ಸಿನೊಳಗೆ ಒಂದು ಕಿಟಕಿ ಇರುತ್ತದೆ. ಅದು ಅಗಲವಾಗಿ ತೆರೆದಷ್ಟೂ ಎಫ್ ಪಕ್ಕದ ಸಂಖ್ಯೆ ಚಿಕ್ಕದಾಗುತ್ತದೆ, ಬೆಳಕು ಹೆಚ್ಚು ಬರುತ್ತದೆ, ಜೊತೆಗೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ತೆಳ್ಳಗಾಗುತ್ತದೆ. ಈ ಲೆನ್ಸಿನ ಬೆಲೆ ಎರಡು ಲಕ್ಷ ದಾಟುತ್ತದೆ, ತೂಕ ಒಂದು ಕಿಲೋ ದಾಟುತ್ತದೆ. ಅದನ್ನು ಮುಟ್ಟಲು ಗುರುತಿನ ಚೀಟಿ ಅಡವಿಡಬೇಕಿತ್ತು. ನನ್ನ ಆಧಾರ್ ಕಾರ್ಡು ಕೊಟ್ಟೆ, ಹತ್ತು ನಿಮಿಷ ಸಿಕ್ಕಿತು.

ನಮ್ಮ ಹುಡುಗಿಯನ್ನು ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಿಸಿ ತೆಗೆದೆ. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಕಣ್ಣಿನ ರೆಪ್ಪೆಯ ಒಂದೊಂದು ಕೂದಲೂ ಎಣಿಸುವಂತಿತ್ತು. ಮೂಗುತಿ ಮಾತ್ರ ಮಸುಕು. ಕಿವಿಯ ಜುಮುಕಿ ಕರಗಿ ಒಂದು ಹಳದಿ ಮೋಡವಾಗಿತ್ತು. ಇದೇನೂ ಲೆನ್ಸಿನ ದೋಷವಲ್ಲ, ಅದರ ಲೆಕ್ಕವೇ ಹಾಗೆ. ಅಷ್ಟು ಹತ್ತಿರದಿಂದ ಅಷ್ಟು ಅಗಲ ತೆರೆದರೆ ಸ್ಪಷ್ಟವಾಗಿ ಸಿಗುವುದು ಹಿಂದೆ ಮುಂದೆ ಸೇರಿ ಎರಡು ಸೆಂಟಿಮೀಟರಿನಷ್ಟು ಪದರ. ನಮ್ಮ ಮೂಗು ಅದಕ್ಕಿಂತ ಉದ್ದ. ಮಳಿಗೆಯ ಹುಡುಗನಿಗೆ ಮಾತ್ರ ಪರಮಾನಂದ. "ನೋಡಿ ಮೇಡಂ, ಹಿಂದಗಡೆ ಎಲ್ಲ ಹೇಗೆ ಕ್ರೀಮ್ ಆಗಿದೆ! ಒಬ್ಬರೂ ಕಾಣಲ್ಲ" ಎಂದ.

ಒಬ್ಬರೂ ಕಾಣಲ್ಲ ಎಂಬ ಮಾತು ನನ್ನ ತಲೆಯಲ್ಲಿ ಕುಳಿತಿತು. ಮದುವೆಯಲ್ಲಿ ಮದುಮಗಳ ಹಿಂದೆ ಇರುವವರು ಯಾರು? ಸೋದರಮಾವ, ಕಳಶ ಹಿಡಿದ ತಂಗಿ, ಬೆಳಗಿನ ಜಾವ ಮೂರಕ್ಕೆ ಎದ್ದ ದೊಡ್ಡಮ್ಮ, ಕನ್ನಡಕ ಸರಿಮಾಡಿಕೊಂಡು ಇಣುಕುವ ಅಜ್ಜಿ. ನಮ್ಮಮ್ಮನ ಮದುವೆಯದೆಂದು ನಮ್ಮ ಮನೆಯಲ್ಲಿ ಉಳಿದಿರುವುದು ಕಪ್ಪುಬಿಳುಪಿನ ಒಂದೇ ಒಂದು ಗುಂಪುಚಿತ್ರ. ಅದರಲ್ಲಿ ಮೂವತ್ತನಾಲ್ಕು ಮುಖಗಳಿವೆ, ಕಂಬದ ಹಿಂದೆ ಅಡ್ಡನಿಂತ ಅಡಿಗೆಯವರ ಮುಖವೂ ಸೇರಿ. ಈಗ ಮನೆಗೆ ಯಾರಾದರೂ ಹಳಬರು ಬಂದರೆ ಆ ಚಿತ್ರ ಇಳಿಸಿ "ಇವರು ಯಾರು, ಇವರು ಈಗೆಲ್ಲಿ" ಎಂದು ಗಂಟೆಗಟ್ಟಲೆ ಮಾತು ನಡೆಯುತ್ತದೆ. ಮದುಮಗಳನ್ನು ಯಾರೂ ಅಷ್ಟು ಹೊತ್ತು ನೋಡುವುದಿಲ್ಲ, ಅವಳು ಯಾರೆಂದು ಎಲ್ಲರಿಗೂ ಗೊತ್ತು. ಎರಡು ಲಕ್ಷ ಕೊಟ್ಟು ದೊಡ್ಡಮ್ಮನನ್ನು ಕ್ರೀಮ್ ಮಾಡಿಸುವುದು ಕೆಲವು ಚಿತ್ರಗಳಿಗೆ ಚೆಂದ, ಒಪ್ಪುತ್ತೇನೆ. ಇಡೀ ಆಲ್ಬಂ ಹಾಗೇ ಆದರೆ ಆ ಮದುವೆಗೆ ಯಾರೂ ಬಂದೇ ಇರಲಿಲ್ಲವೇನೋ ಎನಿಸುತ್ತದೆ.

ಇನ್ನು ಬಣ್ಣದ ವಿಷಯ. ಇದನ್ನು ಬರೆಯಬೇಕೆಂದೇ ನಾನು ಪೆನ್ನು ಹಿಡಿದದ್ದು.

ಅಣ್ಣನ ಸೊಸೆ ಸಾದಗಪ್ಪು. ಲಕ್ಷಣವಾದ ಹುಡುಗಿ, ಗಲ್ಲದ ಮೇಲೆ ಎಳ್ಳಿನಷ್ಟು ಮಚ್ಚೆ. ಒಂದು ಮಳಿಗೆಯಲ್ಲಿ ಅವಳ ಚಿತ್ರ ತೆಗೆದು ನೋಡಿದರೆ ಮಚ್ಚೆಯೇ ಇಲ್ಲ. ಬಣ್ಣ ಎರಡು ಮೆಟ್ಟಿಲು ತಿಳಿಯಾಗಿತ್ತು, ಕೆನ್ನೆ ಪಿಂಗಾಣಿಯ ಹಾಗಿತ್ತು. ಚರ್ಮ ನುಣುಪು ಮಾಡುವ ಸೌಲಭ್ಯವನ್ನು ಮಳಿಗೆಯವರು ಮೊದಲೇ ಹಾಕಿಟ್ಟಿದ್ದರು. ತೆಗೆಯಿರಿ ಎಂದೆ. "ಎಲ್ಲರೂ ಇದನ್ನೇ ಇಷ್ಟಪಡ್ತಾರೆ ಮೇಡಂ" ಎಂದ ಹುಡುಗ. ಎಲ್ಲರೂ ಎಂದರೆ ಯಾರು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ದುಡ್ಡು ಕೊಡುವವರು. ಚಿತ್ರದಲ್ಲಿ ಇರುವವರಲ್ಲ.

ಈ ಕಥೆ ಹಳೆಯದು, ನಮ್ಮ ದೇಶದ್ದು ಮಾತ್ರವೂ ಅಲ್ಲ. ಅಮೆರಿಕದ ಕೊಡಾಕ್ ಕಂಪನಿ 1950ರ ದಶಕದಿಂದ ಬಣ್ಣದ ಪ್ರಯೋಗಾಲಯಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಇರುತ್ತಿದ್ದವಳು ಒಬ್ಬ ಬಿಳಿಯ ಹೆಂಗಸು. ಮೊದಲ ರೂಪದರ್ಶಿಯ ಹೆಸರು ಶರ್ಲಿ ಎಂದಿದ್ದುದರಿಂದ ಆಮೇಲೆ ಯಾರೇ ಬಂದರೂ ಆ ಚಿತ್ರಕ್ಕೆ ಶರ್ಲಿ ಕಾರ್ಡು ಎಂದೇ ಹೆಸರಾಯಿತು. ಅವಳ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆ ಎಂದು ಲೆಕ್ಕ. ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಟ್ಟಿಗೆ ನಿಂತ ಶಾಲಾ ಚಿತ್ರಗಳಲ್ಲಿ ಕಪ್ಪು ಮಕ್ಕಳ ಮುಖ ಅಳಿಸಿಹೋಗುತ್ತಿತ್ತು, ಹಲ್ಲು ಕಣ್ಣು ಮಾತ್ರ ಕಾಣುತ್ತಿತ್ತು. ತಾಯಂದಿರು ದೂರಿದರು. ಕೆನಡಾದ ಸಂಶೋಧಕಿ ಲೋರ್ನಾ ರಾತ್ 2009ರಲ್ಲಿ ಈ ಇತಿಹಾಸವನ್ನು ಬರೆದಿದ್ದಾರೆ. ಕಂದು ಬಣ್ಣವನ್ನು ಫಿಲ್ಮು ಇನ್ನಷ್ಟು ಚೆನ್ನಾಗಿ ಹಿಡಿಯಬೇಕೆಂದು ಒತ್ತಾಯ ಬಂದದ್ದು ಮರದ ಪೀಠೋಪಕರಣ ಮತ್ತು ಚಾಕೊಲೇಟ್ ತಯಾರಕರಿಂದಲೂ ಎಂದು ಅವರಿಗೆ ಕೊಡಾಕಿನ ಹಳಬರು ತಿಳಿಸಿದರಂತೆ. ಮೇಜಿನ ಬಣ್ಣ ಚಿತ್ರದಲ್ಲಿ ಸರಿಯಾಗಿ ಬರುತ್ತಿಲ್ಲ ಎಂದು ಅವರ ದೂರು. ಮಕ್ಕಳ ತಾಯಂದಿರು ಹೇಳಿದಾಗ ಕೇಳದ ಕಿವಿಗೆ ಮೇಜು ಮಾರುವವರ ಮಾತು ಕೇಳಿಸಿತು. ಹಲವು ಬಣ್ಣದ ಹೆಂಗಸರಿರುವ ಕಾರ್ಡು ಬರಲು 1990ರ ದಶಕ ಬೇಕಾಯಿತು.

ಶಾಲೆಯ ಗುಂಪುಚಿತ್ರ ತೆಗೆದವಳಾದ್ದರಿಂದ ನನಗೆ ಇದು ಓದಿ ತಿಳಿದ ವಿಷಯ ಮಾತ್ರವಲ್ಲ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮಾಪಕ ಇರುತ್ತದೆ. ಎದುರಿಗಿರುವುದು ಸರಾಸರಿಯಲ್ಲಿ ಬೂದುಬಣ್ಣ, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಹದಿನೆಂಟರಷ್ಟನ್ನು ಹಿಂದಕ್ಕೆ ಕಳಿಸುವಂಥದ್ದು, ಎಂಬುದು ಅದರ ಹಳೆಯ ನಂಬಿಕೆ. ಅಂಗಳದ ಬಿಸಿಲಲ್ಲಿ ಬಿಳಿ ಸಮವಸ್ತ್ರದ ಎಪ್ಪತ್ತು ಮಕ್ಕಳು ನಿಂತರೆ ಅದು ಕಣ್ಣು ಕುಕ್ಕಿದಂತಾಗಿ ಕಿಟಕಿ ಸಣ್ಣದು ಮಾಡುತ್ತದೆ. ಅಂಗಿಗಳೆಲ್ಲ ಚೆನ್ನಾಗಿ ಬರುತ್ತವೆ. ಬೆಳ್ಳಗಿನ ಮಕ್ಕಳ ಮುಖ ಹೇಗೋ ಉಳಿಯುತ್ತದೆ. ಹಿಂದಿನ ಸಾಲಿನ ಕಪ್ಪು ಹುಡುಗಿ ಕತ್ತಲಾಗುತ್ತಾಳೆ. ಅವಳು ತಾನೇ ಅಷ್ಟು ಕಪ್ಪು ಎಂದುಕೊಳ್ಳುತ್ತಾಳೆ, ಮನೆಯವರೂ ಹಾಗೇ ಅಂದುಕೊಳ್ಳುತ್ತಾರೆ. ಯಂತ್ರದ ಮಾಪಕ ಅಂಗಿಗೆ ಸೋತಿತು ಎಂದು ಅವಳಿಗೆ ಯಾರು ಹೇಳಬೇಕು? ಮುಖಕ್ಕೆ ಅಳೆದು ಅರ್ಧ ಮೆಟ್ಟಿಲೋ ಒಂದು ಮೆಟ್ಟಿಲೋ ಬೆಳಕು ಹೆಚ್ಚು ಕೊಟ್ಟರೆ ಸಾಕು, ಅವಳು ಇದ್ದ ಹಾಗೇ ಬರುತ್ತಾಳೆ. ಅಂಗಿ ಸ್ವಲ್ಪ ಬೆಳ್ಳಗಾದರೆ ಯಾರೂ ಅಳುವುದಿಲ್ಲ. ಇದ್ದ ಹಾಗೆ ಬರುವುದಕ್ಕೂ ಬೆಳ್ಳಗೆ ಬರುವುದಕ್ಕೂ ಬಹಳ ವ್ಯತ್ಯಾಸವಿದೆ. ಮೇಳದಲ್ಲಿ ಆ ವ್ಯತ್ಯಾಸ ಗೊತ್ತಿದ್ದವರು ನನಗೆ ಇಬ್ಬರೇ ಸಿಕ್ಕಿದರು.

ಅವರಲ್ಲೊಬ್ಬ ಒಂದು ಮಳಿಗೆಯ ಹಿಂದಿನ ಮೂಲೆಯಲ್ಲಿ ಕೂತಿದ್ದ ತಂತ್ರಜ್ಞ. ಮೂವತ್ತರ ಹುಡುಗ, ಅವನೂ ಕಪ್ಪು. ನಾನು ಹೇಳಿದ್ದನ್ನು ಕೇಳಿ, "ಬನ್ನಿ ಅಮ್ಮ, ಆ ದೀಪದಿಂದ ಈಚೆ ಬನ್ನಿ" ಎಂದು ಕರೆದ. ಕ್ಯಾಮೆರಾಗಳಿಗೆ ಕಳ್ಳರ ಭಯದಿಂದ ತಂತಿ ಕಟ್ಟಿರುತ್ತಾರೆ. ತಂತಿ ಎಳೆದಷ್ಟು ದೂರ ಎಳೆದು, ವೇದಿಕೆಗೆ ಬೆನ್ನು ಹಾಕಿ, ಸಭಾಂಗಣದ ಮಾಮೂಲು ದೀಪದಡಿ ನಿಂತೆವು. ನಮ್ಮದೇ ಮೆಮೊರಿ ಕಾರ್ಡು ಹಾಕಲು ಬಿಟ್ಟ. ಎಲ್ಲ ಮಳಿಗೆಯವರೂ ಬಿಡುವುದಿಲ್ಲ, ಅಲ್ಲಿಯ ಪುಟ್ಟ ಪರದೆಯಲ್ಲಿ ನೋಡಿ ಒಪ್ಪಿಕೊಂಡು ಹೋಗಿ ಎನ್ನುತ್ತಾರೆ. ಆ ಪರದೆಯಲ್ಲಿ ಎಲ್ಲವೂ ಚೆಂದ. ನೀವು ಯಾವತ್ತಾದರೂ ಕ್ಯಾಮೆರಾ ಕೊಳ್ಳಲು ಹೋದರೆ ನಿಮ್ಮ ಕಾರ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಾದರೂ ಹೋಗಿ.

ಅಲ್ಲಿ 35 ಮಿಲಿಮೀಟರಿನ ಒಂದು ಸಾಧಾರಣ ಲೆನ್ಸ್ ಹಾಕಿ ಅಣ್ಣನ ಸೊಸೆಯನ್ನು ತೆಗೆದೆ, ಆಮೇಲೆ ಅವಳ ಪಕ್ಕ ನನ್ನನ್ನು ನಿಲ್ಲಿಸಿ ಅವಳ ಗಂಡ ತೆಗೆದ. ನಾನು ಬೆಳ್ಳಗಿನವಳು, ಅವಳು ಕಪ್ಪು. ಇಬ್ಬರೂ ಒಂದೇ ಚಿತ್ರದಲ್ಲಿ ಸರಿಯಾಗಿ ಬರಬೇಕು, ಪರೀಕ್ಷೆ ಎಂದರೆ ಅದು. ಅವಳು ತನ್ನ ಎರಡು ಬೆರಳನ್ನು ಹಣೆಯಿಂದ ಕೆಳಗೆ ಇಳಿಬಿಟ್ಟು ಬಾಸಿಂಗದ ಹಾಗೆ ಕಣ್ಣಿನ ಮುಂದೆ ಹಿಡಿದಳು. ನಮ್ಮ ಕಡೆ ಧಾರೆಯ ಹೊತ್ತಿಗೆ ಕ್ಯಾಮೆರಾ ಮೋಸಹೋಗುವುದೇ ಬಾಸಿಂಗದಲ್ಲಿ, ಅದರ ಮಣಿಗೆ ಫೋಕಸ್ ಹಿಡಿದು ಮುಖವನ್ನು ಬಿಟ್ಟುಬಿಡುತ್ತದೆ. ಈ ಹೊಸ ಯಂತ್ರ ಬೆರಳಿನ ಸಂದಿಯಲ್ಲಿ ಕಣ್ಣನ್ನು ಹುಡುಕಿ ಹಿಡಿದುಕೊಂಡಿತು, ತಲೆ ಅಲ್ಲಾಡಿಸಿದರೂ ಬಿಡಲಿಲ್ಲ.

ಅಲ್ಲೇ ಕಸ ಗುಡಿಸುತ್ತಿದ್ದ ಹೆಂಗಸೊಬ್ಬರು ನಮ್ಮ ಆಟ ನೋಡುತ್ತಾ ನಿಂತಿದ್ದರು. ನೀಲಿ ಕೋಟು, ತಲೆಗೆ ಟವಲು, ಬೆವರಿನಿಂದ ಹೊಳೆಯುವ ಕಪ್ಪು ಮುಖ. ನಿಮ್ಮದೂ ಒಂದು ತೆಗೆಯಲೇ ಎಂದೆ. ಟವಲು ಬಿಚ್ಚಿ, ಕೂದಲು ಸವರಿಕೊಂಡು ನಿಂತರು. ಬೆವರಿನ ಹೊಳಪು, ಅದರ ಕೆಳಗಿನ ಕೆಂಪು ಬೆರೆತ ಕಪ್ಪು, ಕಣ್ಣಿನ ಕೆಳಗಿನ ಗೆರೆ, ಏನೊಂದೂ ಕಳೆಯದೆ ಬಂದಿತ್ತು. ಪರದೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ನಾನು ಹಿಂಗೇ ಇದೀನಾ?" ಎಂದರು. ಹೌದು ಎಂದೆ. "ಚೆನ್ನಾಗೈತೆ ಕಣಮ್ಮ. ನಮ್ಮುಡುಗನ ಫೋನಿಗೆ ಕಳಿಸ್ತೀಯಾ?" ಎಂದರು. ಕಳಿಸಿದೆವು.

ಆದ್ದರಿಂದ ಯಂತ್ರಗಳ ಬಗ್ಗೆ ನನ್ನ ತೀರ್ಪು ಅನುಕೂಲಕರವಾಗಿಯೇ ಇದೆ. ಸೋನಿಯವರು 2013ರಲ್ಲಿ 36ಕ್ಕೆ 24 ಮಿಲಿಮೀಟರಿನ ದೊಡ್ಡ ಸೆನ್ಸರನ್ನು ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ ಇಟ್ಟರು. 2018ರಲ್ಲಿ ನಿಕಾನ್, ಕ್ಯಾನನ್ ಇಬ್ಬರೂ ಅದೇ ದಾರಿಗೆ ಬಂದರು. ಅಂದಿನಿಂದ ಈಚೆಗೆ ಆದ ದೊಡ್ಡ ಉಪಕಾರ ನನ್ನ ದೃಷ್ಟಿಯಲ್ಲಿ ಮಂದ ಬೆಳಕಿನದು. ಫಿಲ್ಮಿನ ಕಾಲದಲ್ಲಿ ನಾವು ತರುತ್ತಿದ್ದುದು ನೂರರ ರೋಲು, ಹೆಚ್ಚೆಂದರೆ ನಾನೂರರದು. ಛತ್ರದೊಳಗೆ ಫ್ಲಾಷ್ ಇಲ್ಲದೆ ಆಗುತ್ತಲೇ ಇರಲಿಲ್ಲ. ಎದುರಿನಿಂದ ಬಡಿದ ಫ್ಲಾಷ್ ಕಪ್ಪು ಮುಖದ ಮೇಲೆ ಎಣ್ಣೆ ಬಳಿದಂತೆ ಕೂರುತ್ತಿತ್ತು. ಈಗ ಐಎಸ್‌ಒ 6400ರಲ್ಲಿ, ದೀಪದ ಕಂಬದ ಬೆಳಕಲ್ಲೇ, ಆರತಿ ಎತ್ತುವ ಹೆಂಗಸಿನ ಮುಖ ಕಣ್ಣಿಗೆ ಕಂಡ ಹಾಗೆ ಬರುತ್ತದೆ. ಫೋನಿನವರೂ ಎಚ್ಚೆತ್ತಿದ್ದಾರೆ. ಗೂಗಲ್ ಕಂಪನಿ 2021ರಲ್ಲಿ ತನ್ನ ಫೋನಿಗೆ ರಿಯಲ್ ಟೋನ್ ಎಂಬ ಏರ್ಪಾಡು ಮಾಡಿ, ಕಪ್ಪು ಕಂದು ಚರ್ಮವನ್ನು ಸರಿಯಾಗಿ ತೋರಿಸಲೆಂದೇ ಯಂತ್ರಕ್ಕೆ ಅಂಥ ಮುಖಗಳನ್ನು ಹೆಚ್ಚಾಗಿ ತೋರಿಸಿ ಕಲಿಸಿದೆವು ಎಂದು ಹೇಳಿಕೊಂಡಿತು. ಕಲಿಯುವ ಶಕ್ತಿ ಯಂತ್ರಕ್ಕಿದೆ. ಅದನ್ನು ನಮಗೆ ತೋರಿಸುವ ಜಾಗದಲ್ಲಿ ಮಾತ್ರ ಇನ್ನೂ ಶರ್ಲಿಯೇ ನಿಂತಿದ್ದಾಳೆ, ಧಾರೆ ಸೀರೆ ಉಟ್ಟುಕೊಂಡು.

ಮೇಳ ನಡೆಸುವವರು ಒಂದು ಸಣ್ಣ ಛತ್ರವನ್ನೇ ಅಲ್ಲಿ ಕಟ್ಟಬಹುದಿತ್ತು. ಕೃತಕ ಹೂವಿನ ಮಂಟಪ, ಮೇಲೆ ಟ್ಯೂಬ್‌ಲೈಟು, ಪಕ್ಕದಲ್ಲಿ ಹಳದಿ ಸೀರಿಯಲ್ ಸೆಟ್ಟು, ವೇದಿಕೆಯ ಮೂಲೆಯಿಂದ ನೇರಳೆ ಬಣ್ಣ ಚೆಲ್ಲುವ ಎಲ್‌ಇಡಿ, ಹಿಂದೆ ಬಾಗಿಲಿನಿಂದ ಹನ್ನೊಂದು ಗಂಟೆಯ ಬಿಸಿಲು. ನಮ್ಮ ಆರತಕ್ಷತೆಗಳಲ್ಲಿ ಇರುವ ಬೆಳಕು ಅದೇ. ಅಗ್ಗದ ಎಲ್‌ಇಡಿಯಲ್ಲಿ ಕೆಂಪಿನ ಅಂಶ ಕಡಿಮೆ. ಕೆಂಪು ಸಿಗದ ಕಂದು ಚರ್ಮ ಬೂದಿ ಬಳಿದಂತೆ ಕಾಣುತ್ತದೆ. ಯಾವ ಕ್ಯಾಮೆರಾ ಅಲ್ಲಿ ಅಳುಕುತ್ತದೆ, ಯಾವುದು ಸಂಭಾಳಿಸುತ್ತದೆ ಎಂದು ನೋಡಿದರೆ ಅದು ಪ್ರಯೋಗ. ಅಲ್ಲಿ ಅಜ್ಜಿಯೊಬ್ಬರು, ಕಪ್ಪು ಹುಡುಗಿಯೊಬ್ಬಳು, ಓಡುವ ಮಗುವೊಂದು ಇದ್ದರೆ ಇನ್ನೂ ಒಳ್ಳೆಯದು. ಹಾಗೆಂದು ಅವರ ಅಭಿಪ್ರಾಯ ಪುಸ್ತಕದಲ್ಲಿ ಬರೆದೆ. ಬರೆಯಲು ಕೊಟ್ಟ ಜಾಗ ಎರಡು ಸಾಲಿನದು. ಅಂಚಿನಲ್ಲೂ ಬರೆದೆ.

ಇನ್ನೊಂದು ಮಾತು, ಕೈಯದು. ನಾನು ದೊಡ್ಡ ಕ್ಯಾಮೆರಾ ಕೇಳಿದಲ್ಲೆಲ್ಲ ಹುಡುಗರು ಒಂದು ಪುಟ್ಟ ಬಿಳಿಯ ಕ್ಯಾಮೆರಾ ತೆಗೆದು "ಲೇಡೀಸ್‌ಗೆ ಇದು ಹಗುರ ಮೇಡಂ" ಎನ್ನುತ್ತಿದ್ದರು. ಎರಡು ಬಿಂದಿಗೆ ನೀರು ಸೊಂಟದ ಮೇಲೆ ಹೊತ್ತ ಜಾತಿ ನಮ್ಮದು. ಹೋಮಾಯ್ ವ್ಯಾರವಾಲಾ ಎಂಬವರು ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. 1913ರಲ್ಲಿ ಹುಟ್ಟಿದವರು. 1942ರಿಂದ ದಿಲ್ಲಿಯಲ್ಲಿ ಸೀರೆಯುಟ್ಟು, ಸ್ಪೀಡ್ ಗ್ರಾಫಿಕ್ ಎಂಬ ಪೆಟ್ಟಿಗೆಯಂಥ ಭಾರದ ಕ್ಯಾಮೆರಾ ಹೊತ್ತು, ಸೈಕಲ್ಲಿನಲ್ಲಿ ಓಡಾಡಿ ಗಾಂಧಿ, ನೆಹರೂ, ಮೌಂಟ್‌ಬ್ಯಾಟನ್ ಎಲ್ಲರನ್ನೂ ತೆಗೆದರು. ಆರಂಭದ ಕೆಲವು ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾದವಂತೆ. 1970ರಲ್ಲಿ ಕೆಲಸ ಬಿಟ್ಟರು, ಪದ್ಮವಿಭೂಷಣ ಬಂದದ್ದು 2011ರಲ್ಲಿ, ಮರುವರ್ಷ ತೀರಿಕೊಂಡರು. ಅವರಿಗೆ ಯಾರೂ ಬಿಳಿಯ ಪುಟ್ಟ ಕ್ಯಾಮೆರಾ ತೋರಿಸಲಿಲ್ಲ ಎಂದು ಆ ಹುಡುಗನಿಗೆ ಹೇಳಬೇಕೆನಿಸಿತು. ಹೇಳಲಿಲ್ಲ, ಅವನಿಗೆ ಊಟದ ಹೊತ್ತಾಗಿತ್ತು. ನಿಜವಾದ ತೊಂದರೆ ತೂಕದ್ದಲ್ಲ, ಹಿಡಿಯದು. ನಮ್ಮ ಹುಡುಗಿಯ ಹೆಬ್ಬೆರಳು ಕೆಲವು ಕ್ಯಾಮೆರಾಗಳಲ್ಲಿ ಹಿಂದಿನ ಗುಂಡಿಗೆ ನಿಲುಕಲೇ ಇಲ್ಲ. ಬಳೆ ತೊಟ್ಟ ಕೈಯಲ್ಲಿ ಎಡಗಡೆಯ ಚಕ್ರ ತಿರುಗಿಸುವುದೂ ಕಷ್ಟ. ಇವೆಲ್ಲ ಕಾಗದದಲ್ಲಿ ಅಚ್ಚಾದ ವಿವರಗಳಲ್ಲಿ ಇರುವುದಿಲ್ಲ. ಮೇಳಕ್ಕೆ ಹೋಗುವುದರ ಪ್ರಯೋಜನ ಇಷ್ಟೇ, ಆದರೆ ಇದು ಕಡಿಮೆಯದಲ್ಲ.

ಊಟದ ಸಾಲಿನಲ್ಲಿ ನಿಂತಾಗ ಅಣ್ಣನ ಸೊಸೆ ಒಂದು ವಿಷಯ ಹೇಳಿದಳು. ಅವಳ ಕೆಲಸವೇ ಆಲ್ಬಂ ಜೋಡಿಸುವುದು ಎಂದೆನಲ್ಲ. ಮದುಮಗಳ ಅಮ್ಮನೋ ಅತ್ತೆಯೋ ಬಂದು ಪಕ್ಕದಲ್ಲಿ ಕೂತು, "ಇನ್ನೂ ಸ್ವಲ್ಪ ಬೆಳ್ಳಗೆ ಮಾಡಮ್ಮ" ಎನ್ನುತ್ತಾರೆ. ಮೌಸನ್ನು ಎಷ್ಟು ಎಳೆದರೆ ಯಾರಿಗೆ ತೃಪ್ತಿಯಾಗುತ್ತದೆ ಎಂಬುದು ಈಗ ಅವಳ ಕೈಗೆ ಅಭ್ಯಾಸವಾಗಿಬಿಟ್ಟಿದೆ. "ಅತ್ತೆ, ನನ್ನ ಮದುವೆಯ ಆಲ್ಬಂ ನೀವು ನೋಡಿದೀರಲ್ಲ, ಅದರಲ್ಲಿ ಕೈ ನನ್ನದು, ಮುಖ ಇನ್ಯಾರದೋ. ಕೈಗೆ ಮೆಹಂದಿ ಇತ್ತು ಅಂತ ಬಿಟ್ಟಿದ್ದಾರೆ. ನನ್ನ ಮಗಳು ಆಲ್ಬಂ ತೆಗೆದು, ಅಪ್ಪನ ಪಕ್ಕ ಕೂತಿರೋ ಆಂಟಿ ಯಾರು ಅಂತ ಕೇಳ್ತಾಳೆ" ಎಂದಳು. ನಗುತ್ತಲೇ ಹೇಳಿದಳು. ಅವಳ ಗಂಡ ತಟ್ಟೆ ತರುವ ನೆಪದಲ್ಲಿ ಆ ಕಡೆ ಹೋದ. ಅದು ಅವನ ಸ್ಟುಡಿಯೋದ ಕೆಲಸವಲ್ಲ, ಬೇರೆ ಊರಿನವರು ಮಾಡಿದ್ದು. ಆದರೂ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕೊನೆಗೆ ಅವರು ಕೊಂಡದ್ದು ಮಧ್ಯಮ ಬೆಲೆಯ ಒಂದು ಕ್ಯಾಮೆರಾ, ಅವಳ ಹೆಬ್ಬೆರಳು ನಿಲುಕುವಂಥದ್ದು, ಮತ್ತು ಆ 35 ಮಿಲಿಮೀಟರಿನ ಲೆನ್ಸು. ಮೂರು ಮೀಟರ್ ದೂರ ನಿಂತರೆ ಸುಮಾರು ಮೂರು ಮೀಟರ್ ಅಗಲ ಅದರೊಳಗೆ ಬರುತ್ತದೆ. ಧಾರೆ ಎರೆಯುವವರು, ಎರೆಸಿಕೊಳ್ಳುವವರು, ನೀರಿನ ಚೊಂಬು ಹಿಡಿದವರು, ಇಣುಕುವವರು ಎಲ್ಲರೂ ಸಿಗುತ್ತಾರೆ. 85ರದು ಬೇಕಾದ ದಿನ ಬಾಡಿಗೆಗೆ ತರಬಹುದು ಎಂದಾಯಿತು. ಮೈಸೂರಿನ ಟಿ. ಎಸ್. ಸತ್ಯನ್ ಅವರು ಜನರ ನಡುವೆ ನಿಂತು ತೆಗೆದ ಮಕ್ಕಳ ಚಿತ್ರಗಳನ್ನು ನೋಡಿದವರಿಗೆ, ಸುತ್ತಲಿನ ಜಗತ್ತನ್ನು ಅಳಿಸದೆಯೂ ಒಂದು ಮುಖವನ್ನು ಎದ್ದು ಕಾಣಿಸಬಹುದೆಂದು ಹೇಳಿಕೊಡಬೇಕಿಲ್ಲ. ಅವರ ಚಿತ್ರಗಳ ಒಂದು ಪುಸ್ತಕವನ್ನು ಹುಡುಗನಿಗೆ ಕೊಟ್ಟೆ. ಓದುತ್ತಾನೋ ಇಲ್ಲವೋ, ತಿರುವಿಯಾದರೂ ಹಾಕುತ್ತಾನೆ.

ಸ್ಟುಡಿಯೋದಲ್ಲಿ ಮದುವೆ ಒಪ್ಪಿಕೊಳ್ಳುವಾಗ ಬರೆದುಕೊಳ್ಳುವ ಒಂದು ಅಚ್ಚಿನ ಹಾಳೆ ಇದೆ. ಎಷ್ಟು ಆಲ್ಬಂ, ಡ್ರೋನ್ ಬೇಕೇ, ಮುಹೂರ್ತ ಎಷ್ಟು ಗಂಟೆಗೆ ಎಂದೆಲ್ಲ. ನಮ್ಮ ಹುಡುಗಿ ಈಗ ಅದರ ಕೆಳಗೆ ಒಂದು ಸಾಲು ಸೇರಿಸಿದ್ದಾಳೆ: ಮುಖದ ಬಣ್ಣ ಬದಲಿಸಬೇಕೇ, ಬೇಡವೇ? ಇದಕ್ಕೆ ಅಪ್ಪ ಅಮ್ಮ ಉತ್ತರ ಕೊಡುವಂತಿಲ್ಲ, ಮದುಮಗಳೇ ಬಂದು ಗುರುತು ಹಾಕಬೇಕು. ಈ ಸಲದ ಲಗ್ನದ ದಿನಗಳಲ್ಲಿ ಒಂಬತ್ತು ಮದುವೆ ಒಪ್ಪಿಕೊಂಡರು. ಐವರು ಬೇಡ ಎಂದು ಗುರುತು ಹಾಕಿದರು. ಮೂವರು ಬೇಕು ಎಂದರು, ಅವರಿಗೆ ಹಾಗೇ ಮಾಡಿಕೊಟ್ಟಳು. ಒಬ್ಬಳು ಮಾತ್ರ ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಅಮ್ಮನ ಮುಖ ನೋಡಿ, ಆ ಸಾಲನ್ನು ಖಾಲಿ ಬಿಟ್ಟು ಹೋದಳಂತೆ. ಅವಳ ಆಲ್ಬಂ ಇನ್ನೂ ಕಂಪ್ಯೂಟರಿನಲ್ಲೇ ಇದೆ.